ಕಂಡಕ್ಟರ್ ಶಿವಗಂಗಾ ಊಟಕ್ಕೆ ಕೂತದ್ದು

ಇಳಕಲ್ಲಿನಿಂದ ಬೆಳಿಗ್ಗೆ ಬಾಗಲಕೋಟೆಗೆ ಹೊರಡುವ ಸಾದಾ ಬಸ್ಸಿನಲ್ಲಿ ನಾನು ಬಹಳ ವರ್ಷಗಳಿಂದ ಓಡಾಡುತ್ತಿದ್ದೇನೆ. ಕಮತಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವುದು ನನ್ನ ಕೆಲಸ. ಬೆಳಿಗ್ಗೆ ಕರೆದೊಯ್ದು ಇಳಿಸುವ ಬಸ್ಸೇ ಸಂಜೆ ಮರಳಿ ಮನೆಗೆ ತರುತ್ತದೆ. ಈ ವರ್ಷದ ತನಕ ಆ ಬಸ್ಸಿನ ಕಂಡಕ್ಟರ್ ಶಿವಗಂಗಾ.

ಶಿವಗಂಗಾ ಕೂಗಾಡುವವಳಲ್ಲ. ಹೆಣ್ಣುಮಕ್ಕಳ ಸೀಟಿನಲ್ಲಿ ಗಂಡಸು ಕೂತಿದ್ದರೆ ಅವನ ಪಕ್ಕದಲ್ಲಿ ಬಂದು ಸುಮ್ಮನೆ ನಿಲ್ಲುತ್ತಾಳೆ. ಅವನು ತಾನಾಗಿ ಎದ್ದು ಹಿಂದಕ್ಕೆ ಹೋಗುತ್ತಾನೆ. ಹುನಗುಂದದಲ್ಲಿ ಹತ್ತಿದವರು ಯಾರು, ಅಮೀನಗಡದಲ್ಲಿ ಇಳಿಯುವವರು ಯಾರು ಎಂಬುದು ಆಕೆಗೆ ಮುಖ ನೋಡಿಯೇ ಗೊತ್ತು. ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವ ಮನೆಯಲ್ಲಿ ಹುಟ್ಟಿದವಳು. ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದ ದನಿ, ಹಿಂದಿನ ಸೀಟಿನ ತನಕ ಸಲೀಸಾಗಿ ಹೋಗುತ್ತದೆ. ಮದುವೆಯಾಗಿ ಬಂದದ್ದು ಇಳಕಲ್ಲಿಗೆ. ಗಂಡ ವಿಜಯಮಹಾಂತೇಶ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಮಾಡುತ್ತಾನೆ. ಮನೆಯಲ್ಲಿ ಎರಡು ಮಕ್ಕಳು, ಅತ್ತೆ ಗುರುಸಿದ್ದವ್ವ.

ಡ್ರೈವರ್ ದುರಗಪ್ಪನವರು ಹುನಗುಂದದವರು, ಐವತ್ತು ದಾಟಿದವರು. ಶಿವಗಂಗಾಳನ್ನು ತಂಗಿ ಎನ್ನುತ್ತಿದ್ದರು, ಆಕೆ ಅವರನ್ನು ಅಣ್ಣಾರ ಎನ್ನುತ್ತಿದ್ದಳು. ಬಸ್ಸು ಬಾಗಲಕೋಟೆ ಮುಟ್ಟಿ, ಅಲ್ಲಿಂದ ಗುಳೇದಗುಡ್ಡದ ಮೇಲೆ ಹಾದು, ಮಧ್ಯಾಹ್ನ ಬಾದಾಮಿಗೆ ಹೋಗುತ್ತದೆ. ಅಲ್ಲಿ ಅರ್ಧ ತಾಸು ಊಟಕ್ಕೆ. ನಿಲ್ದಾಣದ ಹಿಂದಿನ ಬೇವಿನ ಗಿಡದ ಕೆಳಗೆ ಇಬ್ಬರೂ ಡಬ್ಬಿ ಬಿಚ್ಚಿ, ಪಲ್ಯ ಹಂಚಿಕೊಂಡು ಉಣ್ಣುವುದು ವರ್ಷಗಳಿಂದ ನಡೆದು ಬಂದಿತ್ತು. ಗುರುಸಿದ್ದವ್ವನ ಬದನೆಕಾಯಿ ಎಣಗಾಯಿ ದುರಗಪ್ಪನವರಿಗೆ ಇಷ್ಟ, ಅವರ ಮನೆಯ ಮಡಕಿಕಾಳಿನ ಪಲ್ಯ ಶಿವಗಂಗಾಳಿಗೆ ಇಷ್ಟ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಈ ಅರ್ಧ ತಾಸು ಕರಗತೊಡಗಿತು. ಬಸ್ಸು ತುಂಬುವುದು ಶಿವಗಂಗಾಳಿಗೆ ಬೇಸರದ ವಿಷಯವಾಗಿರಲಿಲ್ಲ. ತವರುಮನೆ ನೋಡದೆ ವರ್ಷಗಳಾಗಿದ್ದ ಹೆಂಗಸರು ಈಗ ಓಡಾಡುತ್ತಾರೆ, ಓಡಾಡಲಿ ಎನ್ನುತ್ತಿದ್ದಳು. ಆದರೆ ಪ್ರತಿ ಸ್ಟಾಪಿನಲ್ಲೂ ಹತ್ತುವವರು ಇಳಿಯುವವರು ಹೆಚ್ಚಾದರು, ಪುಕ್ಕಟೆಯವರೂ ಸೇರಿ ಪ್ರತಿಯೊಬ್ಬರಿಗೂ ಟಿಕೆಟ್ ಹರಿಯಬೇಕು. ಬಾದಾಮಿಗೆ ಮುಟ್ಟುವಾಗಲೇ ಹೊರಡುವ ಹೊತ್ತಾಗಿರುತ್ತಿತ್ತು. ದುರಗಪ್ಪನವರು ಸ್ಟೇರಿಂಗಿನ ಮುಂದೆ ಕೂತೇ ಎರಡು ತುತ್ತು ನುಂಗುತ್ತಿದ್ದರು. ಶಿವಗಂಗಾಳ ಕೊರಳಲ್ಲಿ ಹಣದ ಬ್ಯಾಗು, ಕೈಯಲ್ಲಿ ಟಿಕೆಟ್ ಯಂತ್ರ, ಸುತ್ತ ಜನ. ಡಬ್ಬಿ ಸಂಜೆ ಹಾಗೆಯೇ ಮನೆಗೆ ಹೋಗುತ್ತಿತ್ತು, ರೊಟ್ಟಿ ಸೆಟೆದಿರುತ್ತಿತ್ತು.

ಆ ದಿನಗಳಲ್ಲಿ ಆಕೆಗೆ ಐಶ್ವರ್ಯ ಸಿಕ್ಕಳು. ಗುಳೇದಗುಡ್ಡದಲ್ಲಿ ಕೂಡಿ ಓದಿದವಳು, ಈಗ ಇಳಕಲ್ಲಿನಲ್ಲಿ ಸಣ್ಣದೊಂದು ಖೋಲಿ ಹಿಡಿದು ಪೌಷ್ಟಿಕ ಪುಡಿ ಮಾರುತ್ತಿದ್ದಳು. ಬಾಗಿಲ ಮೇಲೆ "ಒಂದು ಲೋಟ, ಒಂದು ಊಟ" ಎಂಬ ಬೋರ್ಡು. ಶಿವಗಂಗಾಳ ತೊಂದರೆ ಕೇಳಿ ಆಕೆ, ಇಷ್ಟಕ್ಕೆ ಯಾಕೆ ಕಷ್ಟಪಡುತ್ತೀ, ಊಟದಲ್ಲಿ ಏನೇನಿದೆಯೋ ಎಲ್ಲವೂ ಈ ಡಬ್ಬಿಯಲ್ಲಿದೆ, ನಿಂತಲ್ಲೇ ಅಲ್ಲಾಡಿಸಿ ಕುಡಿದರೆ ಮುಗಿಯಿತು ಎಂದಳು.

ಶಿವಗಂಗಾಳಿಗೆ ಅದು ತನ್ನ ಕೆಲಸಕ್ಕೆಂದೇ ಮಾಡಿದಂತೆ ಕಂಡಿತು. ಮೊದಲು ಮಧ್ಯಾಹ್ನ ಮಾತ್ರ ಕುಡಿದಳು. ಹೊಟ್ಟೆ ಹಗುರ, ಕೈ ಖಾಲಿ, ಹೊತ್ತು ಉಳಿಯಿತು. ಎರಡನೆಯ ಹೆರಿಗೆಯ ನಂತರ ಏರಿದ್ದ ಮೈ ಇಳಿಯತೊಡಗಿತು, ಖಾಕಿ ಅಂಗಿಯ ಗುಂಡಿಗಳು ಸರಾಗವಾಗಿ ಹಾಕಲು ಬಂದವು. ನೋಡಿದವರೆಲ್ಲ ಹೊಗಳಿದರು, ನಾನೂ ಹೊಗಳಿದೆ. ಆಮೇಲೆ ಬೆಳಗಿನ ನಾಷ್ಟಾ ಬಿಟ್ಟು ಅದಕ್ಕೂ ಒಂದು ಲೋಟ. ಕೊನೆಗೆ ರಾತ್ರಿಗೂ. ಐಶ್ವರ್ಯ ಕೊಟ್ಟ ನಾಲ್ಕು ಬಣ್ಣದ ಗುಳಿಗೆಗಳನ್ನು ಬೆಳಗಿನ ಚಹಾದ ಜೊತೆ ಒಟ್ಟಿಗೇ ನುಂಗಿ ಬಸ್ಸು ಹತ್ತುತ್ತಿದ್ದಳು.

ಯಾವುದನ್ನೇ ಆಗಲಿ ಅರ್ಧ ಮನಸ್ಸಿನಿಂದ ಮಾಡುವ ಹೆಂಗಸಲ್ಲ ಆಕೆ. ಟಿಕೆಟ್ ಕೊಡುತ್ತಲೇ ಬಸ್ಸಿನಲ್ಲಿ ಪುಡಿಯ ಗುಣಗಾನ ನಡೆಯುತ್ತಿತ್ತು. ಅಡಿಗೆ ಎಂಬುದು ಹೆಣ್ಣುಮಕ್ಕಳನ್ನು ಕಟ್ಟಿಹಾಕಿದ ಕೆಲಸ, ಅದರಿಂದ ಬಿಡುಗಡೆ ಸಿಕ್ಕಿತು ಎಂದು ನನಗೂ ಹೇಳಿದ್ದಳು. ಅದು ತಳ್ಳಿಹಾಕುವ ಮಾತೂ ಆಗಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಎಷ್ಟೋ ಹೆಂಗಸರು ಆ ಬಸ್ಸಿನಲ್ಲಿದ್ದರು, ಅವರೆಲ್ಲ ತಲೆಯಾಡಿಸಿದರು.

ಗುರುಸಿದ್ದವ್ವ ಮಾತ್ರ ದಿನವೂ ಡಬ್ಬಿ ಕಟ್ಟುತ್ತಿದ್ದಳು. ಶಿವಗಂಗಾ ಬೇಡವೆಂದರೂ ಕಟ್ಟುತ್ತಿದ್ದಳು. ಆ ಡಬ್ಬಿಯನ್ನು ಬಾದಾಮಿಯಲ್ಲಿ ದುರಗಪ್ಪನವರು ಉಣ್ಣುತ್ತಿದ್ದರು. ಒಬ್ಬರೇ ಎರಡು ಡಬ್ಬಿ ಉಂಡು ತಮಗೆ ಹೊಟ್ಟೆ ಬಂದಿತು, ತಂಗಿಯದು ಹೋಯಿತು ಎಂದು ನಗುತ್ತಿದ್ದರು. ಒಂದು ಸಲ ಮಾತ್ರ ನಗದೆ, ಒಬ್ಬರೇ ಉಣ್ಣುವುದು ತಮಗೆ ಸೇರುವುದಿಲ್ಲ ಎಂದು ನನ್ನ ಹತ್ತಿರ ಹೇಳಿದರು.

ಐದಾರು ತಿಂಗಳಾದ ಮೇಲೆ ಬದಲಾವಣೆ ಕಾಣತೊಡಗಿತು. ತುಟಿಯ ಮೂಲೆಗಳು ಒಡೆದವು. ಬಾಚಣಿಗೆಗೆ ಕೂದಲು ಗೊಂಚಲಾಗಿ ಬರುತ್ತದೆ ಎಂದಳು. ಅದಕ್ಕೊಂದು ಗುಳಿಗೆ ತಂದಳು. ಮೆಟ್ಟಿಲು ಹತ್ತಿದರೆ ಏದುಸಿರು, ಅದಕ್ಕೆ ಇನ್ನೊಂದು. ಚಿಲ್ಲರೆ ಕೊಡುವಲ್ಲಿ ತಪ್ಪತೊಡಗಿದಳು. ಸೀಟಿಗಾಗಿ ಜಗಳವಾಡುವ ಹುಡುಗರ ಮೇಲೆ ಎಂದೂ ಇಲ್ಲದ ಹಾಗೆ ಕಿರುಚಿದಳು, ಆಮೇಲೆ ಕಂಬ ಹಿಡಿದು ಕಣ್ಣು ಮುಚ್ಚಿ ನಿಂತಳು. ಆರಾಮಿಲ್ಲವೇ ಎಂದು ಕೇಳಿದರೆ, ಮೈ ಹೊಸ ಪದ್ಧತಿಗೆ ಹೊಂದುತ್ತಿದೆ ಎಂಬ ಉತ್ತರ ತಯಾರಿರುತ್ತಿತ್ತು.

ಅದು ಆದದ್ದು ಒಂದು ಸಂಜೆ, ಬಸ್ಸು ಕಮತಗಿ ಬಿಟ್ಟು, ರಾಮಥಾಳದವರು ಇಳಿಯುವ ಕ್ರಾಸಿನಲ್ಲಿ ನಿಂತಾಗ. ನಾನು ಬಾಗಿಲ ಹತ್ತಿರದ ಸೀಟಿನಲ್ಲೇ ಇದ್ದೆ. ಚಂದವ್ವ ಎಂಬ ಮುದುಕಿ ಗಂಟು ಹೊತ್ತುಕೊಂಡು ಕೊನೆಯವಳಾಗಿ ಇಳಿಯುತ್ತಿದ್ದಳು. ಒಂದು ಕಾಲು ನೆಲ ಮುಟ್ಟಿತ್ತು, ಇನ್ನೊಂದು ಮೆಟ್ಟಿಲ ಮೇಲಿತ್ತು. ಶಿವಗಂಗಾ ಅತ್ತ ನೋಡುತ್ತಲೇ ಇದ್ದಳು. ನೋಡುತ್ತಲೇ ಸೀಟಿ ಊದಿದಳು. ಬಸ್ಸು ಜರುಗಿತು. ಚಂದವ್ವ ಗಂಟಿನ ಸಮೇತ ರಸ್ತೆಯ ಅಂಚಿಗೆ ಬಿದ್ದಳು.

ನಾವೆಲ್ಲ ಕೂಗಿದ್ದಕ್ಕೆ ದುರಗಪ್ಪನವರು ತಕ್ಷಣ ಬ್ರೇಕ್ ಹಾಕಿದರು. ಶಿವಗಂಗಾ ಹಾರಿ ಇಳಿದಳು, ಮುದುಕಿಯನ್ನು ಎತ್ತಲು ಬಗ್ಗಿದಳು, ಬಗ್ಗಿದವಳು ಮೇಲೇಳಲಿಲ್ಲ. ಚಂದವ್ವನ ಪಕ್ಕದಲ್ಲೇ ಕುಸಿದುಬಿಟ್ಟಳು. ನಾನು ಇಳಿದು ನೋಡುವ ಹೊತ್ತಿಗೆ ಬಿದ್ದ ಮುದುಕಿಯೇ ಎದ್ದು ಕೂತು, ಶಿವಗಂಗಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ತನ್ನ ಮುಂಗೈ ಉಳುಕಿ ಬಾತದ್ದು ಆಕೆಗೆ ಗೊತ್ತಾದದ್ದು ಆಮೇಲೆ.

ಇಬ್ಬರನ್ನೂ ಅದೇ ಬಸ್ಸಿನಲ್ಲಿ ಹತ್ತಿರದ ದವಾಖಾನೆಗೆ ಒಯ್ದೆವು. ಚಂದವ್ವನ ಕೈಗೆ ಪಟ್ಟಿ ಕಟ್ಟಿದರು. ಶಿವಗಂಗಾಳಿಗೆ ಸಲಾಯಿನ್ ಹಚ್ಚಿ, ರಕ್ತ ಬಹಳ ಕಡಿಮೆ ಇದೆ, ದೊಡ್ಡ ಡಾಕ್ಟರಿಗೆ ತೋರಿಸಿರಿ ಎಂದರು. ಎಚ್ಚರವಾದ ಮೇಲೆ ಆಕೆ ಕೇಳಿದ ಮೊದಲ ಮಾತು ಮುದುಕಿಯ ಬಗ್ಗೆ. ಎರಡನೆಯದು ಹಣದ ಬ್ಯಾಗಿನ ಬಗ್ಗೆ. ಅದು ದುರಗಪ್ಪನವರ ಕೊರಳಲ್ಲಿತ್ತು.

ಇಳಕಲ್ಲಿನ ಡಾಕ್ಟರ್ ಅಫ್ಸರ ಅವರ ಹತ್ತಿರ ಆಕೆಯನ್ನು ಕರೆದೊಯ್ದವರು ಗುರುಸಿದ್ದವ್ವ ಮತ್ತು ನಾನು. ವಿಜಯಮಹಾಂತೇಶನಿಗೆ ಅಂದು ಪಾಳಿ ಬಿಡಲು ಆಗಿರಲಿಲ್ಲ. ಡಾಕ್ಟರರು ವಯಸ್ಸಿನಲ್ಲಿ ಚಿಕ್ಕವರು, ಮೆಲುಮಾತಿನವರು. ಎಲ್ಲ ಡಬ್ಬಿಗಳನ್ನೂ ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಹಿಂಬದಿಯನ್ನೂ ಓದಿದರು. ಗುಳಿಗೆಗಳನ್ನು ಯಾವಾಗ ನುಂಗುತ್ತೀರಿ, ತಿಂಗಳ ಮುಟ್ಟಿನಲ್ಲಿ ರಕ್ತ ಎಷ್ಟು ಹೋಗುತ್ತದೆ, ಕಡೆಯ ಸಲ ಹೊಟ್ಟೆ ತುಂಬ ಉಂಡದ್ದು ಯಾವಾಗ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಶಿವಗಂಗಾ ತಿಂಗಳುಗಳನ್ನು ಬೆರಳಲ್ಲಿ ಎಣಿಸತೊಡಗಿದಳು.

"ಅಕ್ಕಾರ, ಈ ಪುಡಿ ವಿಷ ಅಲ್ಲ," ಎಂದರು ಅವರು. "ಹಾಲಿನ ಪುಡಿ ಐತಿ, ಸೋಯಾ ಐತಿ, ಒಂದಿಷ್ಟು ಸಕ್ಕರಿ, ವಿಟಮಿನ್. ಒಂದು ಲೋಟ ಅಂದ್ರ ಒಂದೂವರಿ ರೊಟ್ಟಿಯಷ್ಟು ಶಕ್ತಿ. ನೀವು ದಿನಾ ಪೂರಾ ನಿಂತು ದುಡಿಯಾವರು. ಉಳಿದ ಶಕ್ತಿ ಎಲ್ಲಿಂದ ಬರಬೇಕು? ನಿಮ್ಮ ಮೈಯಾಗಿನ ಮಾಂಸಾನ ಕರಗಿಸಿ ತಗೊಂಡೈತಿ. ತೂಕ ಇಳಿದದ್ದು ಅದಕ್ಕ."

ಗುಳಿಗೆಗಳ ವಿಷಯವನ್ನೂ ಬಿಡಿಸಿ ಹೇಳಿದರು. ಎರಡು ಡಬ್ಬಿಗಳಲ್ಲಿ ಇರುವುದು ಒಂದೇ ವಿಟಮಿನ್, ಹೆಸರು ಮಾತ್ರ ಬೇರೆ. ಕಬ್ಬಿಣದ ಗುಳಿಗೆಯಲ್ಲಿ ಕಬ್ಬಿಣ ಬಹಳ ಕಡಿಮೆ. ಅದನ್ನೂ ಕ್ಯಾಲ್ಸಿಯಂ ಗುಳಿಗೆಯ ಜೊತೆ, ಚಹಾದ ಜೊತೆ ನುಂಗಿದರೆ ಮೈ ಅದನ್ನು ಸರಿಯಾಗಿ ಹೀರುವುದಿಲ್ಲ. ರಕ್ತಕ್ಕೆ ನಾನೇ ಒಂದು ಗುಳಿಗೆ ಕೊಡುತ್ತೇನೆ, ಅದು ಬೇಕೇ ಬೇಕು, ರಕ್ತ ತುಂಬುವ ತನಕ ಮತ್ತು ಆಮೇಲೂ ಕೆಲವು ತಿಂಗಳು. ಆದರೆ ಕಾಳು, ಸೊಪ್ಪು, ರೊಟ್ಟಿ, ಮೊಸರು ಹೊಟ್ಟೆಗೆ ಹೋಗದಿದ್ದರೆ ಯಾವ ಗುಳಿಗೆಯೂ ಆ ಜಾಗ ತುಂಬಲಾರದು. ಊಟದಲ್ಲಿ ನಾರು ಇರುತ್ತದೆ, ಹಲ್ಲಿಗೆ ಕೆಲಸ ಇರುತ್ತದೆ, ಡಬ್ಬಿಯ ಮೇಲೆ ಬರೆಯಲಾಗದಷ್ಟು ಬಗೆಯ ಸಣ್ಣ ಸಣ್ಣ ಅಂಶಗಳಿರುತ್ತವೆ ಎಂದರು.

ಶಿವಗಂಗಾ ಎಲ್ಲವನ್ನೂ ಕೇಳಿದಳು. ಕೇಳಿದವಳು ತಲೆ ತಗ್ಗಿಸಲಿಲ್ಲ.

"ಊಟ ಮಾಡಬೇಕು ಅನ್ನೂದು ನನಗೂ ಗೊತ್ತೈತ್ರಿ," ಎಂದಳು. "ಎಲ್ಲಿ ಕುಂತು ಮಾಡ್ಲಿ, ಯಾವಾಗ ಮಾಡ್ಲಿ, ಅದನ್ನ ಹೇಳ್ರಿ. ಅದಕ್ಕ ನಿಮ್ಮ ಹತ್ರ ಗುಳಗಿ ಐತೇನ್ರಿ?"

ಡಾಕ್ಟರರು ಇಲ್ಲ ಎಂದು ನೇರವಾಗಿ ಒಪ್ಪಿದರು. ಅದನ್ನು ನೀವೇ ಹುಡುಕಬೇಕು ಎಂದರು. ಆ ಉತ್ತರ ಆಕೆಗೆ ಹಿಡಿಸಿತು ಎಂದು ಹೊರಗೆ ಬಂದ ಮೇಲೆ ನನಗೆ ಹೇಳಿದಳು. ಸುಳ್ಳು ಸಮಾಧಾನ ಹೇಳಲಿಲ್ಲ ಎಂಬ ಕಾರಣಕ್ಕೇ ಅವರ ಉಳಿದ ಮಾತನ್ನೂ ನಂಬಿದಳು.

ರಜೆ ಹಾಕಿ ಮನೆಯಲ್ಲಿ ಉಳಿದಳು. ಸೀಟಿ ಊದಿದ ತಪ್ಪು ತನ್ನದೇ ಎಂದು ಕಚೇರಿಗೆ ಬರೆದುಕೊಟ್ಟಳು. ಎಚ್ಚರಿಕೆಯ ನೋಟೀಸು ಬಂತು, ತೆಗೆದುಕೊಂಡಳು. ಉಣ್ಣುವುದು ಮಾತ್ರ ಸುಲಭವಾಗಲಿಲ್ಲ. ತಿಂಗಳುಗಟ್ಟಲೆ ನೀರಿನಂಥದ್ದನ್ನೇ ಕುಡಿದ ಹೊಟ್ಟೆ ಅರ್ಧ ರೊಟ್ಟಿಗೆ ಸಾಕೆನ್ನುತ್ತಿತ್ತು. ಗುರುಸಿದ್ದವ್ವ ಒತ್ತಾಯ ಮಾಡಲಿಲ್ಲ. ಹೆಸರುಬೇಳೆ ಮೆತ್ತಗೆ ಬೇಯಿಸಿ ಅನ್ನದ ಮೇಲೆ ಹಾಕಿ ಕೊಟ್ಟಳು. ಮರುವಾರ ಮೆಂತೆಪಲ್ಯ ಸೇರಿಸಿದಳು, ಅದರ ಮರುವಾರ ರೊಟ್ಟಿ. ಸೊಸೆ ಉಣ್ಣುವ ಹೊತ್ತಿಗೆ ತಾನೂ ತಾಟು ಹಿಡಿದು ಎದುರಿಗೆ ಕೂಡುತ್ತಿದ್ದಳು.

ಸ್ವಲ್ಪ ಶಕ್ತಿ ಬಂದಮೇಲೆ ಶಿವಗಂಗಾ ಮಾಡಿದ ಮೊದಲ ಕೆಲಸ, ದುರಗಪ್ಪನವರನ್ನು ಕರೆದುಕೊಂಡು ರಾಮಥಾಳಕ್ಕೆ ಹೋದದ್ದು. ನಡೆದದ್ದನ್ನು ನನಗೆ ದುರಗಪ್ಪನವರು ಹೇಳಿದರು. ಚಂದವ್ವನ ಕೈ ಬಹುಮಟ್ಟಿಗೆ ಸರಿಹೋಗಿತ್ತು. ಹೊಲಕ್ಕೆ ನೀರಾವರಿ ಬಂದ ಮೇಲೆ ಅವರ ಮನೆಯವರು ಉಳ್ಳಾಗಡ್ಡಿ ಹಾಕಿದ್ದರು, ಮನೆಯ ಪಡಸಾಲೆಯಲ್ಲಿ ಅದರದೇ ರಾಶಿ. ಶಿವಗಂಗಾ ತಪ್ಪಾಯಿತು ಎಂದು ಕೈ ಮುಗಿದಾಗ ಮುದುಕಿ ಆ ಮಾತನ್ನು ಬೆಳೆಸಗೊಡಲಿಲ್ಲ. ಇಬ್ಬರನ್ನೂ ಕೂಡಿಸಿ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಇಟ್ಟಳು. ಶಿವಗಂಗಾ ರೂಢಿಯಂತೆ ಗಡಿಬಿಡಿಯಲ್ಲಿ ದೊಡ್ಡ ದೊಡ್ಡ ತುತ್ತು ಮುರಿಯತೊಡಗಿದಳು.

"ಸಾವಕಾಶ ತಿನ್ನವಾ," ಎಂದಳು ಚಂದವ್ವ. "ಬಸ್ಸೇನ್ ಹೊಂಟಿಲ್ಲ."

ಆ ಮಾತಿಗೆ ದುರಗಪ್ಪನವರು ನಕ್ಕರಂತೆ. ಶಿವಗಂಗಾ ನಗಲಿಲ್ಲ. ಊಟ ಮುಗಿದು ರಸ್ತೆಗೆ ಬರುವ ತನಕ ಏನನ್ನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ದುರಗಪ್ಪನವರಿಗೆ ಹೇಳಿದಳು: "ಅಣ್ಣಾರ, ಬಸ್ ಹೊರಡೂದು ನಮ್ಮ ಕೈಯಾಗ ಐತಿ. ನಾನು ಸೀಟಿ ಊದಬೇಕು, ನೀವು ಗೇರ್ ಹಾಕಬೇಕು. ನಾವಿಬ್ರೂ ಉಣ್ಣಾಕ ಕುಂತ್ರ ಅದು ಹೆಂಗ ಹೊಂಟೀತು?"

ಕೆಲಸಕ್ಕೆ ಮರಳುವ ದಿನ ಇಬ್ಬರೂ ಕೂಡಿ ಡಿಪೋ ಮ್ಯಾನೇಜರರ ಮುಂದೆ ನಿಂತರು. ಆಕೆ ಬೇಡಲಿಲ್ಲ, ಅಳಲಿಲ್ಲ. ಬಸ್ಸು ತಡವಾಗಿ ಮುಟ್ಟಿದರೂ ಬಾದಾಮಿಯಲ್ಲಿ ಅರ್ಧ ತಾಸು ಪೂರ್ತಿ ನಿಲ್ಲಬೇಕು, ಅದಕ್ಕೆ ತಕ್ಕಂತೆ ಹೊರಡುವ ಸಮಯವನ್ನೇ ಮುಂದೆ ಹಾಕಬೇಕು, ಹಸಿದ ಕಂಡಕ್ಟರ್ ಏನು ಮಾಡಬಹುದು ಎಂಬುದಕ್ಕೆ ತನ್ನ ನೋಟೀಸೇ ಸಾಕ್ಷಿ ಎಂದಳು. ಮ್ಯಾನೇಜರರು ಪ್ರಯಾಣಿಕರು ತಕರಾರು ಮಾಡುತ್ತಾರೆ ಎಂದರು. ಪ್ರಯಾಣಿಕರನ್ನು ನನಗೆ ಬಿಡಿರಿ ಎಂದಳು. ಅವರು ಯೋಚಿಸಿ, ಒಂದು ತಿಂಗಳು ಮಾಡಿ ನೋಡೋಣ ಎಂದು ಒಪ್ಪಿದರು.

ಆ ತಿಂಗಳಲ್ಲಿ ಒಂದು ಭಾನುವಾರ ಬಾದಾಮಿಯಲ್ಲಿ ನಮ್ಮ ಬಂಧುಗಳ ಕಾರ್ಯವಿತ್ತು. ಅದನ್ನು ಮುಗಿಸಿಕೊಂಡು ನಾನು ಅದೇ ಬಸ್ಸಿಗೆ ನಿಲ್ದಾಣಕ್ಕೆ ಬಂದೆ. ಬಸ್ಸು ನಿಂತಿತ್ತು, ಒಳಗೆ ಮಂದಿ ತುಂಬಿದ್ದರು. ಕಂಡಕ್ಟರ್, ಡ್ರೈವರ್ ಇಬ್ಬರೂ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿದ್ದರು. ಬಿಳಿ ಅಂಗಿಯ ಒಬ್ಬ ಗಂಡಸು ಬಸ್ಸಿನಿಂದ ಇಳಿದು ಬಂದು, ಜನ ಕಾಯುತ್ತಿರುವಾಗ ಇಲ್ಲಿ ಕೂತು ಉಣ್ಣುವುದು ಯಾವ ಡ್ಯೂಟಿ ಎಂದು ದನಿ ಏರಿಸಿದ.

ಶಿವಗಂಗಾ ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದಳು. ಆಮೇಲೆ ಹೇಳಿದಳು: "ಊಟದ ಡ್ಯೂಟಿರಿ. ಇನ್ನ ಹತ್ತು ನಿಮಿಷ ಐತಿ. ನಿಮ್ಮದೂ ಊಟ ಆಗಿರಲಿಕ್ಕಿಲ್ಲ, ಬರ್ರಿ, ರೊಟ್ಟಿ ಭಾಳ ಅದಾವು."

ಅವನು ಉಣ್ಣಲು ಬರಲಿಲ್ಲ, ಗೊಣಗುತ್ತ ಬಸ್ಸಿಗೆ ಮರಳಿದ. ಆದರೆ ಕಿಟಕಿಯಿಂದ ನೋಡುತ್ತಿದ್ದ ಇಬ್ಬರು ಹೆಂಗಸರು ತಮ್ಮ ಬುತ್ತಿ ಬಿಚ್ಚಿದರು. ದಿನವೂ ಓಡಾಡುವವರಿಗೆ ಆ ನಿಲುಗಡೆ ಬೇಗ ರೂಢಿಯಾಯಿತು. ಅವಸರದವರು ಬೇರೆ ಬಸ್ಸು ಹಿಡಿದರು, ಉಳಿದವರು ಆ ಹೊತ್ತಿನಲ್ಲಿ ಚಹಾ ಕುಡಿದರು, ಕಾಲು ಚಾಚಿದರು. ಹೊರಡುವ ಸಮಯ ನಿಶ್ಚಿತವಾದ್ದರಿಂದ ಗುಳೇದಗುಡ್ಡದಲ್ಲಿ ಕಾಯುವವರಿಗೂ ಅನುಕೂಲವೇ ಆಯಿತು. ತಿಂಗಳು ಮುಗಿದ ಮೇಲೆ ಸಮಯಪಟ್ಟಿಯನ್ನೇ ತಿದ್ದಿದರು.

ಐಶ್ವರ್ಯಳ ಹತ್ತಿರ ಹೋಗಿ ಜಗಳವಾಡುತ್ತಾಳೆ ಎಂದು ನಾನು ತಿಳಿದಿದ್ದೆ. ಅಲ್ಲಿ ಬೇರೆಯೇ ನಡೆಯಿತು. ಒಂದು ರಜೆಯ ದಿನ ಮಧ್ಯಾಹ್ನ ಶಿವಗಂಗಾ ಆ ಖೋಲಿಗೆ ಹೋದಾಗ ಪರದೆಯ ಹಿಂದೆ ಐಶ್ವರ್ಯ ರೊಟ್ಟಿಗೆ ಕಡಲೆಹಿಟ್ಟಿನ ಜುಣಕ ಹಚ್ಚಿಕೊಂಡು ಉಣ್ಣುತ್ತ ಕೂತಿದ್ದಳು, ಪಕ್ಕದಲ್ಲಿ ಪುಡಿ ಕಲಸಿದ ಲೋಟ.

"ನಾ ಊಟದ ಕೂಡ ಕುಡೀತೇನಿ," ಎಂದಳು ಐಶ್ವರ್ಯ, ಲೋಟ ಬದಿಗೆ ಸರಿಸಿ.

"ಮತ್ತ ನನಗ ಬದಲಿಗೆ ಅಂತ ಯಾಕ ಹೇಳಿದಿ?"

ಕಂಪನಿಯ ತರಬೇತಿಯಲ್ಲಿ ಹಾಗೆಯೇ ಹೇಳಲು ಕಲಿಸಿದ್ದರು, ಎಲ್ಲರೂ ಹಾಗೆಯೇ ಹೇಳುತ್ತಾರೆ, ನೀನು ಮೂರೂ ಹೊತ್ತು ಅದನ್ನೇ ಕುಡಿಯುತ್ತೀ ಎಂದು ತನಗೆ ಗೊತ್ತಿರಲಿಲ್ಲ ಎಂದಳು ಐಶ್ವರ್ಯ. ಆಕೆಯ ಕಣ್ಣು ತುಂಬಿತ್ತು. ಶಿವಗಂಗಾ, ನಿನ್ನ ಅಂಗಡಿ ಮುಚ್ಚು ಎನ್ನಲು ಬಂದಿಲ್ಲ, ಜಡ್ಡಿನಿಂದ ಎದ್ದವರಿಗೆ, ಹಲ್ಲಿಲ್ಲದ ಮುದುಕರಿಗೆ ಡಾಕ್ಟರು ಹೇಳಿದರೆ ಇದು ಉಪಯೋಗಕ್ಕೆ ಬರಬಹುದು, ಹಾಗೆಯೇ ಹೇಳಿ ಮಾರು, ಹೊರಗಿನ ಬೋರ್ಡು ಮಾತ್ರ ತೆಗೆ ಎಂದಳು. ಬೋರ್ಡು ಇಳಿಯಿತು. ಗಿರಾಕಿಗಳೂ ಒಂದಿಷ್ಟು ಕಡಿಮೆಯಾದರು. ಐಶ್ವರ್ಯ ಈಗ ಅದೇ ಖೋಲಿಯಲ್ಲಿ ಗುಳೇದಗುಡ್ಡದ ಖಣವನ್ನೂ ಮಾರುತ್ತಾಳೆ. ಅದು ಚೆನ್ನಾಗಿ ನಡೆದಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಶಿವಗಂಗಾಳ ರಕ್ತ ಸರಿಯಾದ ಮಟ್ಟಕ್ಕೆ ಬಂದಿತ್ತು. ಡಾಕ್ಟರರು ಹೇಳಿದಷ್ಟು ತಿಂಗಳು ಕಬ್ಬಿಣದ ಗುಳಿಗೆಯನ್ನು ಚಹಾದಿಂದ ದೂರವಿಟ್ಟು, ನಿಂಬೆಹಣ್ಣಿನ ನೀರಿನ ಜೊತೆ ನುಂಗಿದಳು, ಅವರು ಬಿಡಿ ಎಂದಾಗ ಬಿಟ್ಟಳು. ಇಳಿದ ತೂಕ ಅರ್ಧದಷ್ಟು ಮರಳಿ ಬಂತು. ಖಾಕಿ ಅಂಗಿಯ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಂಡಳು, ಅದರ ಬಗ್ಗೆ ಯಾರಾದರೂ ಮಾತಾಡಿದರೆ ಡ್ರೈವರ್ ಸೀಟಿನ ತನಕ ಕೇಳುವಂತೆ ನಕ್ಕಳು.

ಈ ವರ್ಷ ದುರಗಪ್ಪನವರು ನಿವೃತ್ತರಾದರು. ಶಿವಗಂಗಾಳಿಗೆ ಬೇರೆ ಮಾರ್ಗ ಕೊಟ್ಟರು. ಆ ಮಾರ್ಗದ ಡ್ರೈವರ್ ಯಮನೂರ ಇಪ್ಪತ್ತೆಂಟರ ಹುಡುಗ, ಜಿಮ್ಮಿಗೆ ಹೋಗುವವನು, ಮೊದಲ ದಿನವೇ ಸೀಟಿನ ಪಕ್ಕ ಪ್ರೋಟೀನ್ ಡಬ್ಬಿ ಇಟ್ಟುಕೊಂಡು ಬಂದನಂತೆ. ಶಿವಗಂಗಾ ಅದನ್ನು ಬೇಡವೆನ್ನಲಿಲ್ಲ. ಮಧ್ಯಾಹ್ನ ಬಸ್ಸು ನಿಂತಾಗ ಹಿಂದಿನ ಉದ್ದ ಸೀಟಿನ ಮೇಲೆ ಎರಡು ತಾಟು ಹಾಕಿ, ಎಣಗಾಯಿ ಬಡಿಸಿ, ಅವನನ್ನು ಕರೆದಳು. ಅವನು ತನ್ನ ಡಬ್ಬಿ ಹಿಡಿದುಕೊಂಡೇ ಬಂದು ಎದುರಿಗೆ ಕೂತ.